ಸ್ವರ್ಗದ ಆಸೆಯೂ ಸ್ವಾರ್ಥವೇ?

ಮನುಷ್ಯನು ಮಾಡುವ ಪ್ರತಿಯೊಂದು ಕೆಲಸದ ಹಿಂದೆಯೂ ಒಂದು ಉದ್ದೇಶವಿರುತ್ತದೆ. ಕೆಲಸವು ಕಣ್ಣಿಗೆ ಕಾಣುತ್ತದೆ, ಉದ್ದೇಶವು ಕಾಣುವುದಿಲ್ಲ. ಆದ್ದರಿಂದಲೇ ಯಾರಾದರೂ ಒಂದು ಒಳ್ಳೆಯ ಕೆಲಸ ಮಾಡಿದರೆ 'ಇದರಲ್ಲಿ ಅವರಿಗೇನು ಲಾಭ?' ಎಂಬ ಪ್ರಶ್ನೆ ನಮ್ಮ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿರುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ತಾಯಿಗೆ ಪಾರ್ಶ್ವವಾಯು ಬಡಿದು, ಕ್ರೈಸ್ತ ಸನ್ಯಾಸಿನಿಯರು ನಡೆಸುವ ಒಂದು ಆಸ್ಪತ್ರೆಯಲ್ಲಿ ಮೂರು ವಾರ ಮಲಗಿದ್ದರು. ರಾತ್ರಿ ಪಾಳಿಗೆ ಬರುತ್ತಿದ್ದ ಸಿಸ್ಟರ್ ಒಬ್ಬರು ಅವರ ಮೈ ಒರೆಸಿ, ಹೊಲಸಾದ ಬಟ್ಟೆ ಬದಲಾಯಿಸಿ, ಮಗ್ಗುಲು ತಿರುಗಿಸಿ ಮಲಗಿಸುತ್ತಿದ್ದರು. ಹೆತ್ತ ಮಕ್ಕಳೇ ಹಿಂಜರಿಯುವ ಕೆಲಸವನ್ನು ಅವರು ಮುಖ ಸಿಂಡರಿಸದೆ ಮಾಡುತ್ತಿದ್ದರು. ಒಂದು ರಾತ್ರಿ ನನ್ನ ಜತೆಗಿದ್ದ ತಂಗಿಯ ಮಗ, ಕಾಲೇಜಿನಲ್ಲಿ ಓದುತ್ತಿದ್ದ ಹುಡುಗ, ಸಿಸ್ಟರ್ ಆಚೆ ಹೋದ ಮೇಲೆ ಮೆಲ್ಲನೆ ಹೇಳಿದ: "ಮಾಮಾ, ಇವರು ಇದನ್ನೆಲ್ಲ ಮಾಡುವುದು ಸ್ವರ್ಗ ಸಿಗಲಿ ಅಂತ ಅಲ್ಲವೇ? ಹಾಗಾದರೆ ಇದೂ ಒಂದು ವ್ಯಾಪಾರವೇ ಆಯಿತು. ಅಂಗಡಿಯವನು ದುಡ್ಡಿಗಾಗಿ ಮಾಡುತ್ತಾನೆ, ಇವರು ಸ್ವರ್ಗಕ್ಕಾಗಿ ಮಾಡುತ್ತಾರೆ."

ನಾನು ಅವನನ್ನು ಗದರಿಸಿ ಸುಮ್ಮನಾಗಿಸಿದೆ. ಆದರೆ ಗದರಿಕೆಯು ಉತ್ತರವಲ್ಲ. ಆ ಮಾತು ಸಿಸ್ಟರ್‌ಗೆ ಅನ್ವಯಿಸುವುದಾದರೆ ನನಗೂ ಅನ್ವಯಿಸುತ್ತದೆ. ತಾಯಿಯ ಪಾದದಡಿಯಲ್ಲಿ ಸ್ವರ್ಗವಿದೆಯೆಂದು ಕೇಳುತ್ತ ಬೆಳೆದವನು ನಾನು. ಹಾಗಾದರೆ ಆ ಮಂಚದ ಬಳಿ ನಾನು ಕುಳಿತಿದ್ದುದು ತಾಯಿಗಾಗಿಯೋ ಅಥವಾ ನನಗಾಗಿಯೋ?

ಕ್ರೈಸ್ತ ಸಮಾಜದೊಳಗೆ ಈ ಪ್ರಶ್ನೆಯು ಬರೀ ಹುಡುಗರ ತರ್ಕವಾಗಿ ಉಳಿಯಲಿಲ್ಲ. ಅದಕ್ಕಾಗಿ ವಿದ್ವಾಂಸರು ಗ್ರಂಥಗಳನ್ನು ಬರೆದರು, ಗೆಳೆಯರು ಶತ್ರುಗಳಾದರು, ರಾಜನು ಕೆರಳಿದನು, ಕೊನೆಗೆ ಪೋಪರು ತೀರ್ಪು ನೀಡಬೇಕಾಯಿತು. ಆ ಕಥೆಯ ಒಂದು ಎಳೆಯು ಮುಸ್ಲಿಮರ ನಗರವೊಂದರ ಬೀದಿಯಿಂದಲೇ ಹೊರಟಿದೆ. ಆದ್ದರಿಂದ ಅದನ್ನು ತಿಳಿದುಕೊಳ್ಳುವುದು ನಮಗೂ ಪ್ರಯೋಜನಕರ.

ಸುವಾರ್ತೆಯ ಎರಡು ಮಾತುಗಳು

ಪ್ರವಾದಿ ಈಸಾ(ಅ)ರ ಕುರಿತು ನಮ್ಮ ವಿಶ್ವಾಸಕ್ಕೂ ಕ್ರೈಸ್ತರ ವಿಶ್ವಾಸಕ್ಕೂ ಇರುವ ಅಂತರವು ಓದುಗರಿಗೆ ತಿಳಿದೇ ಇದೆ. ಅದು ಇಲ್ಲಿನ ವಿಷಯವಲ್ಲ. ಕ್ರೈಸ್ತರು ಓದುವ ಸುವಾರ್ತೆಗಳಲ್ಲಿ ಅವರ ಬೋಧನೆಯು ಯಾವ ರೂಪದಲ್ಲಿದೆ ಎಂಬುದನ್ನಷ್ಟೇ ನೋಡೋಣ.

ಒಂದು ಕಡೆ ಅಲ್ಲಿ ಸ್ವಂತವನ್ನು ತೊರೆಯಬೇಕೆಂಬ ಕಟ್ಟುನಿಟ್ಟಾದ ಕರೆಯಿದೆ. ತನ್ನ ಪ್ರಾಣವನ್ನು ಉಳಿಸಿಕೊಳ್ಳಲು ಹವಣಿಸುವವನು ಅದನ್ನು ಕಳೆದುಕೊಳ್ಳುವನು ಎಂದು ಲೂಕನ ಸುವಾರ್ತೆ ಎಚ್ಚರಿಸುತ್ತದೆ. ದಾನ ಮಾಡುವಾಗ ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಮತ್ತಾಯನ ಸುವಾರ್ತೆ ಕಲಿಸುತ್ತದೆ. ಔತಣಕ್ಕೆ ತಿರುಗಿ ಕರೆಯಬಲ್ಲ ಶ್ರೀಮಂತರನ್ನು ಬಿಟ್ಟು, ಏನನ್ನೂ ಹಿಂದಿರುಗಿಸಲಾರದ ಬಡವರನ್ನು, ಕುಂಟರನ್ನು, ಕುರುಡರನ್ನು ಕರೆಯಬೇಕೆಂಬ ಉಪದೇಶವೂ ಅಲ್ಲಿದೆ.

ಇನ್ನೊಂದು ಕಡೆ, ಇದೇ ಮಾತುಗಳ ಬೆನ್ನಿಗೇ ಪ್ರತಿಫಲದ ವಾಗ್ದಾನವೂ ಇದೆ. ಗುಟ್ಟಾಗಿ ಕೊಟ್ಟವನಿಗೆ ಗುಟ್ಟನ್ನು ಕಾಣುವ ದೇವನು ಪ್ರತಿಫಲ ಕೊಡುವನು. ಬಡವರಿಗೆ ಉಣಿಸಿದವನಿಗೆ ಸಜ್ಜನರು ಪುನರುತ್ಥಾನಗೊಳ್ಳುವ ದಿನ ಅದು ಸಲ್ಲುವುದು. ಪ್ರಾಣವನ್ನು ಕಳೆದುಕೊಳ್ಳುವವನು ಅದನ್ನು ಪಡೆಯುವನು. ನೆರೆಯವನನ್ನು ಪ್ರೀತಿಸಬೇಕೆಂಬ ಪ್ರಖ್ಯಾತ ಆಜ್ಞೆಯ ಅಳತೆಗೋಲು ಕೂಡಾ ಮನುಷ್ಯನಿಗೆ ತನ್ನ ಮೇಲಿರುವ ಪ್ರೀತಿಯೇ ಆಗಿದೆ.

ಹಾಗಾದರೆ ಯಾವುದು ನಿಜ? ಲಾಭವನ್ನು ಮರೆತು ಮಾಡು ಎನ್ನುವ ಗ್ರಂಥವೇ ಲಾಭದ ಭರವಸೆಯನ್ನು ಏಕೆ ಕೊಡುತ್ತದೆ? ಕ್ರೈಸ್ತ ಚಿಂತಕರು ಶತಮಾನಗಳ ಕಾಲ ತಲೆಕೆಡಿಸಿಕೊಂಡದ್ದು ಇಲ್ಲಿಯೇ.

ದಮಾಸ್ಕಸ್‌ನ ಮುದುಕಿ

ಫ್ರಾನ್ಸಿನ ದೊರೆ 9ನೆಯ ಲೂಯಿ ಶಿಲುಬೆ ಯುದ್ಧಕ್ಕೆಂದು 1249ರಲ್ಲಿ ಈಜಿಪ್ಟಿಗೆ ಬಂದನು. 1250ರಲ್ಲಿ ಅವನ ಸೈನ್ಯ ಸೋತು ಅವನೇ ಸೆರೆಯಾದನು. ದೊಡ್ಡ ಮೊತ್ತವನ್ನು ತೆತ್ತು ಬಿಡುಗಡೆ ಹೊಂದಿದ ಬಳಿಕ 1254ರ ವರೆಗೆ ಫೆಲೆಸ್ತೀನಿನ ಕರಾವಳಿಯಲ್ಲಿದ್ದನು. ಆ ಕಾಲದಲ್ಲಿ ಅವನು ದಮಾಸ್ಕಸ್‌ನ ಸುಲ್ತಾನನ ಬಳಿಗೆ ದೂತರನ್ನು ಕಳುಹಿಸಿದನು. ಅವರೊಂದಿಗೆ ಅರಬಿ ಬಲ್ಲ ಈವ್ ಎಂಬ ಡೊಮಿನಿಕನ್ ಸನ್ಯಾಸಿಯೂ ಇದ್ದರು. ಅವರು ಕಂಡ ಒಂದು ದೃಶ್ಯವನ್ನು ರಾಜನ ಆಪ್ತನಾದ ಜ್ವಾನ್‌ವಿಲ್ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಆ ಗ್ರಂಥವು 1309ರಲ್ಲಿ ಪೂರ್ಣಗೊಂಡಿತು.

ಬೀದಿಯಲ್ಲಿ ಒಬ್ಬ ಮುದುಕಿ ಒಂದು ಕೈಯಲ್ಲಿ ಬೆಂಕಿ ತುಂಬಿದ ಬೋಗುಣಿಯನ್ನೂ ಇನ್ನೊಂದು ಕೈಯಲ್ಲಿ ನೀರು ತುಂಬಿದ ಕುಪ್ಪಿಯನ್ನೂ ಹಿಡಿದು ಹೋಗುತ್ತಿದ್ದಳು. ಇದೇನೆಂದು ಸನ್ಯಾಸಿ ಕೇಳಿದರು. ಬೆಂಕಿಯಿಂದ ಸ್ವರ್ಗವನ್ನು ಸುಟ್ಟುಹಾಕಿ, ನೀರಿನಿಂದ ನರಕವನ್ನು ನಂದಿಸಿಬಿಡಬೇಕೆಂದಿದ್ದೇನೆ ಎಂದಳು ಆಕೆ. ಏಕೆಂದು ಕೇಳಿದಾಗ, ಇನ್ನು ಮುಂದೆ ಯಾರೂ ಸ್ವರ್ಗದ ಆಸೆಯಿಂದಾಗಲಿ ನರಕದ ಭಯದಿಂದಾಗಲಿ ಒಳಿತನ್ನು ಮಾಡದೆ ದೇವನ ಪ್ರೀತಿಗಾಗಿ ಮಾತ್ರ ಮಾಡಲಿ ಎಂಬುದು ಅವಳ ಉತ್ತರವಾಗಿತ್ತು.

ಓದುಗರಿಗೆ ಇಲ್ಲಿ ಬಸ್ರಾದ ರಾಬಿಯಾ(ರ)ರ ನೆನಪಾಗದಿರದು. ಇದೇ ಕಥೆಯನ್ನು ಅವರ ಹೆಸರಿನಲ್ಲಿಯೂ ಹೇಳುವುದುಂಟು. ಅವರು ಕ್ರಿ.ಶ. 801ರ ಸುಮಾರಿಗೆ ನಿಧನರಾದವರು. ಜ್ವಾನ್‌ವಿಲ್‌ನ ಕಥೆಯ ಮುದುಕಿಗೆ ಹೆಸರಿಲ್ಲ. ರಾಬಿಯಾರಿಗೆ ಸಂಬಂಧಿಸಿದ ಮಾತೊಂದು ನಾಲ್ಕೂವರೆ ಶತಮಾನ ಕಳೆದು ಒಬ್ಬ ಕ್ರೈಸ್ತ ಸನ್ಯಾಸಿಯ ಕಿವಿಗೆ ಬಿದ್ದಿರಬೇಕು.

ಆ ಸನ್ನಿವೇಶವನ್ನು ಸ್ವಲ್ಪ ಊಹಿಸಿಕೊಳ್ಳಿ. 1095ರಲ್ಲಿ ಪೋಪ್ 2ನೆಯ ಅರ್ಬನ್ ಮೊದಲ ಶಿಲುಬೆ ಯುದ್ಧಕ್ಕೆ ಕರೆ ಕೊಟ್ಟಾಗಿನಿಂದಲೂ ಆ ಯುದ್ಧಗಳಿಗೆ ಹೊರಟವರಿಗೆ ಪಾಪಗಳ ಪ್ರಾಯಶ್ಚಿತ್ತದಿಂದ ವಿನಾಯಿತಿಯ ಭರವಸೆ ಕೊಡಲಾಗುತ್ತಿತ್ತು. ಪ್ರತಿಫಲದ ಲೆಕ್ಕ ಹಾಕಿಕೊಂಡು ಬಂದ ಸೈನ್ಯದ ಸನ್ಯಾಸಿಯೊಬ್ಬರಿಗೆ, ತಾವು ಎದುರಾಳಿಯೆಂದು ತಿಳಿದಿದ್ದ ಊರಿನಲ್ಲಿ, ಪ್ರತಿಫಲವೇ ಬೇಡವೆನ್ನುವ ಮುದುಕಿ ಸಿಕ್ಕಿದಳು. ಅವರು ಅದನ್ನು ಮರೆಯಲಿಲ್ಲ, ಮುಚ್ಚಿಡಲೂ ಇಲ್ಲ.

ಆ ಕಥೆ ಫ್ರಾನ್ಸಿನಲ್ಲಿ ಬೇರುಬಿಟ್ಟಿತು. 1640ರ ದಶಕದ ಆರಂಭದಲ್ಲಿ ಜಾನ್ ಪಿಯರ್ ಕಾಮ್ಯು ಎಂಬ ಬಿಷಪರು ಈ ಮುದುಕಿಯನ್ನೇ ನಿಜವಾದ ದೇವಪ್ರೇಮದ ಮಾದರಿಯಾಗಿಟ್ಟುಕೊಂಡು ಒಂದು ಪುಸ್ತಕ ಬರೆದರು. ಅರ್ಧ ಶತಮಾನದ ಬಳಿಕ ಅದೇ ದೇಶದಲ್ಲಿ ಅದೇ ಪ್ರಶ್ನೆಯ ಮೇಲೆ ದೊಡ್ಡ ವಿವಾದವೊಂದು ಭುಗಿಲೆದ್ದಿತು.

ಇಬ್ಬರು ಬಿಷಪರ ಜಗಳ

ಫೆನೆಲೋನ್ (1651-1715) ಮತ್ತು ಬೊಸ್ಸುವೆ (1627-1704) ಇಬ್ಬರೂ ಫ್ರಾನ್ಸಿನ ಹೆಸರಾಂತ ಧರ್ಮಗುರುಗಳು. ಇಬ್ಬರೂ ರಾಜಕುಟುಂಬದ ಮಕ್ಕಳಿಗೆ ಪಾಠ ಹೇಳಿದವರು. 1695ರಲ್ಲಿ ಫೆನೆಲೋನ್ ಕಾಂಬ್ರೆ ನಗರದ ಆರ್ಚ್‌ಬಿಷಪರಾದಾಗ ಅವರಿಗೆ ದೀಕ್ಷೆ ಕೊಟ್ಟವರೇ ಬೊಸ್ಸುವೆ. ಅವರ ನಡುವೆ ಅಂಥ ಸ್ನೇಹವಿತ್ತು.

ಮೇಡಮ್ ಗುಯೋನ್ ಎಂಬ ವಿಧವೆಯು ದೇವನಲ್ಲಿ ಸಂಪೂರ್ಣ ಶರಣಾಗತಿಯ ಬಗ್ಗೆ ಬರೆದ ಪುಸ್ತಕಗಳು ಆಗ ಜನರ ನಡುವೆ ಹಬ್ಬಿದ್ದವು. ಆಕೆಯನ್ನು 1695ರ ಕೊನೆಯಲ್ಲಿ ಸೆರೆಮನೆಗೆ ಹಾಕಲಾಯಿತು. ಆಕೆಯ ಅನುಭವದಲ್ಲಿ ಸತ್ಯಾಂಶವಿದೆಯೆಂದು ನಂಬಿದ್ದ ಫೆನೆಲೋನ್ 1697ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಅದರಲ್ಲಿ ಅವರು ದೇವಪ್ರೇಮವನ್ನು ಐದು ಬಗೆಯಾಗಿ ವಿಂಗಡಿಸಿದರು. ದೇವನನ್ನು ಬಿಟ್ಟು ಅವನು ಕೊಡುವ ವಸ್ತುಗಳನ್ನು ಮಾತ್ರ ಬಯಸುವುದು ಎಲ್ಲಕ್ಕಿಂತ ಕೆಳಗಿನದು. ತನ್ನ ಸುಖಕ್ಕೆ ದೇವನೊಂದು ಸಾಧನವೆಂದು ತಿಳಿದು ಅವನನ್ನು ಬಯಸುವುದು ಅದರ ಮೇಲಿನದು. ಆ ಬಳಿಕ ಸ್ವಹಿತವೂ ದೇವಪ್ರೇಮವೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿರುವ ಎರಡು ಹಂತಗಳು. ಕೊನೆಯದು ಶುದ್ಧ ಪ್ರೇಮ. ಅಲ್ಲಿ ಪ್ರತಿಫಲದ ಆಸೆಯಾಗಲಿ ಶಿಕ್ಷೆಯ ಭಯವಾಗಲಿ ಉದ್ದೇಶವಾಗಿ ಉಳಿಯುವುದಿಲ್ಲ. ಅಂಥ ಆತ್ಮವೂ ಮೋಕ್ಷವನ್ನು ಬಯಸುತ್ತದೆ ನಿಜ, ಆದರೆ ತನಗೆ ಲಾಭವೆಂದಲ್ಲ, ದೇವನ ಇಚ್ಛೆ ಅದಾಗಿದೆಯೆಂದು. ಒಂದು ವೇಳೆ ದೇವನು ತನ್ನನ್ನು ನರಕಕ್ಕೆ ಕಳುಹಿಸಿದರೂ ಅದು ಅವನನ್ನು ಪ್ರೀತಿಸುತ್ತಲೇ ಇರುವುದು.

ಈ ಮಾತಿಗೆ ಧರ್ಮಗ್ರಂಥದಲ್ಲಿ ಆಧಾರವಿಲ್ಲದೆ ಇರಲಿಲ್ಲ. ತನ್ನ ಜನರನ್ನು ಕ್ಷಮಿಸದಿದ್ದರೆ ನಿನ್ನ ಗ್ರಂಥದಿಂದ ನನ್ನ ಹೆಸರನ್ನು ಅಳಿಸಿಬಿಡೆಂದು ಮೂಸಾ(ಅ) ದೇವನೊಡನೆ ಮೊರೆಯಿಟ್ಟರೆಂದು ಬೈಬಲ್ ಹೇಳುತ್ತದೆ. ತನ್ನ ಸಹೋದರರಿಗಾಗಿ ತಾನು ಶಾಪಗ್ರಸ್ತನಾಗಲೂ ಸಿದ್ಧನೆಂಬ ಮಾತನ್ನು ಪೌಲನೂ ಬರೆದಿದ್ದಾನೆ.

ಆದರೆ ಬೊಸ್ಸುವೆ ಇದನ್ನು ಒಪ್ಪಲಿಲ್ಲ. ಅವರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಸುಖಿಯಾಗಬೇಕೆಂಬ ಬಯಕೆಯನ್ನು ಮನುಷ್ಯನ ಪ್ರಕೃತಿಯಲ್ಲಿಟ್ಟವನು ಸೃಷ್ಟಿಕರ್ತನೇ. ಅದನ್ನು ಕಿತ್ತೆಸೆಯಲು ಯಾರಿಂದಲೂ ಆಗದು. ವಿಶ್ವಾಸ ಮತ್ತು ಪ್ರೀತಿಯ ಜತೆಯಲ್ಲಿ ನಿರೀಕ್ಷೆಯನ್ನೂ ಧರ್ಮವು ಒಂದು ಸದ್ಗುಣವೆಂದು ಕಲಿಸಿದೆ. ದೇವನೇ ವಾಗ್ದಾನ ಮಾಡಿದ್ದನ್ನು 'ನನಗೆ ಬೇಡ' ಎನ್ನುವುದು ವಿನಯವೇ ಅಥವಾ ಅಹಂಕಾರವೇ? ತನ್ನ ಮೋಕ್ಷದ ಬಗ್ಗೆಯೂ ಚಿಂತೆಯಿಲ್ಲವೆನ್ನುವವನನ್ನು ನಾಳೆ ಪಾಪದಿಂದ ತಡೆಯುವುದು ಯಾವುದು?

ವಿವಾದವು ರೋಮ್‌ಗೆ ಹೋಯಿತು. ದೊರೆ 14ನೆಯ ಲೂಯಿ ಫೆನೆಲೋನರನ್ನು ಆಸ್ಥಾನದಿಂದ ದೂರವಿಟ್ಟು ಅವರ ಪ್ರಾಂತ್ಯದಲ್ಲೇ ಇರಬೇಕೆಂದು ವಿಧಿಸಿದನು. ಬೊಸ್ಸುವೆ ತನ್ನ ಹಳೆಯ ಗೆಳೆಯ ಖಾಸಗಿಯಾಗಿ ಬರೆದುಕೊಟ್ಟದ್ದನ್ನೂ 1698ರ ತನ್ನ ಪುಸ್ತಕದಲ್ಲಿ ಬಯಲಿಗಿಟ್ಟರು. ಕೊನೆಗೆ 1699ರ ಮಾರ್ಚ್ 12ರಂದು ಪೋಪ್ 12ನೆಯ ಇನೊಸೆಂಟ್ ಫೆನೆಲೋನರ ಗ್ರಂಥದ 23 ವಾಕ್ಯಗಳನ್ನು ಖಂಡಿಸಿದರು. ಆದರೆ ಅವುಗಳನ್ನು ಧರ್ಮದ್ರೋಹವೆಂದು ಕರೆಯಲಿಲ್ಲ. ಒಬ್ಬರು ದೇವನನ್ನು ಅತಿಯಾಗಿ ಪ್ರೀತಿಸಿ ತಪ್ಪಿದರು, ಇನ್ನೊಬ್ಬರು ನೆರೆಯವನನ್ನು ಸಾಕಷ್ಟು ಪ್ರೀತಿಸದೆ ತಪ್ಪಿದರು ಎಂದು ಪೋಪರು ಉದ್ಗರಿಸಿದರೆಂಬ ಪ್ರತೀತಿಯಿದೆ.

ಫೆನೆಲೋನ್ ಮರುಮಾತಿಲ್ಲದೆ ತೀರ್ಪಿಗೆ ತಲೆಬಾಗಿದರು. ಹತ್ತು ವರ್ಷಗಳ ಬಳಿಕ 1709ರಲ್ಲಿ ಕಾಂಬ್ರೆಯ ಸುತ್ತಮುತ್ತ ಯುದ್ಧ ನಡೆದಾಗ ಅವರು ತನ್ನ ಅರಮನೆಯನ್ನು ಗಾಯಾಳುಗಳಿಗೂ ನಿರಾಶ್ರಿತ ರೈತರಿಗೂ ತೆರೆದುಕೊಟ್ಟರು. ನಿಸ್ವಾರ್ಥದ ಬಗ್ಗೆ ಬರೆದ ಗ್ರಂಥದಲ್ಲಿ ಅವರು ಸೋತಿರಬಹುದು. ಆದರೆ ಆ ಕೋಣೆಗಳಲ್ಲಿ ಮಲಗಿದ್ದ ಗಾಯಾಳುಗಳು ಆ ಗ್ರಂಥವನ್ನು ಓದಿ ಬಂದವರಲ್ಲ.

ಪ್ರತಿಫಲದಲ್ಲಿ ಎರಡು ಬಗೆ

ಈ ವಿವಾದದಿಂದ ಹೊರಬರಲು ಒಂದು ದಾರಿಯಿದೆ. ಜರ್ಮನಿಯ ತತ್ವಜ್ಞಾನಿ ಲೈಬ್ನಿಟ್ಸ್ ಈ ಜಗಳಕ್ಕೆ ಮುಂಚೆಯೇ, 1693ರಲ್ಲಿ, ಪ್ರೀತಿಗೊಂದು ವ್ಯಾಖ್ಯೆ ಕೊಟ್ಟಿದ್ದರು. ಇನ್ನೊಬ್ಬರ ಸುಖದಲ್ಲಿ ತನ್ನ ಸಂತೋಷವನ್ನು ಕಾಣುವುದೇ ಪ್ರೀತಿ ಎಂಬುದು ಅದರ ಸಾರ. ಮಗುವು ಹೊಟ್ಟೆ ತುಂಬ ಉಂಡದ್ದನ್ನು ಕಂಡು ತಾಯಿಗೆ ಸಂತೋಷವಾಗುತ್ತದೆ. ಆ ಸಂತೋಷ ಅವಳದೇ. ಆದರೆ ಅದನ್ನು ಸ್ವಾರ್ಥವೆಂದು ಯಾರೂ ಕರೆಯುವುದಿಲ್ಲ. ಸಂತೋಷವೇ ಆಗದವಳನ್ನು ಒಳ್ಳೆಯ ತಾಯಿಯೆಂದೂ ಯಾರೂ ಹೇಳುವುದಿಲ್ಲ.

ಇಂಗ್ಲಿಷ್ ಬರಹಗಾರ ಸಿ.ಎಸ್. ಲೂಯಿಸ್ 1941ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮಾಡಿದ ಒಂದು ಪ್ರವಚನದಲ್ಲಿ ಈ ವಿಚಾರವನ್ನೇ ಇನ್ನೊಂದು ದಿಕ್ಕಿನಿಂದ ಹೇಳಿದರು. ಪ್ರತಿಫಲಗಳೆಲ್ಲ ಒಂದೇ ಬಗೆಯವಲ್ಲ. ಹಣಕ್ಕಾಗಿ ಮದುವೆಯಾಗುವವನು ಲೋಭಿ, ಏಕೆಂದರೆ ಹಣವು ಪ್ರೀತಿಗೆ ಸಂಬಂಧಿಸಿದ ಫಲವಲ್ಲ. ಆದರೆ ಪ್ರೀತಿಸುವವನು ಮದುವೆಯನ್ನು ಬಯಸಿದರೆ ಅದು ಲೋಭವಲ್ಲ, ಪ್ರೀತಿಯು ತನ್ನ ಪೂರ್ಣತೆಯನ್ನು ಮುಟ್ಟುವುದೇ ಅಲ್ಲಿ.

ಸ್ವರ್ಗದ ಆಸೆಗೂ ಇದೇ ಮಾತು ಸಲ್ಲುತ್ತದೆ. ದೇವನಿಲ್ಲದಿದ್ದರೂ ಪರವಾಗಿಲ್ಲ, ತೋಟ ಮತ್ತು ಅರಮನೆ ಸಿಕ್ಕಿದರೆ ಸಾಕು ಎನ್ನುವವನ ಆಸೆಯು ಅಂಗಡಿಯ ಲೆಕ್ಕವೇ ಸರಿ. ಆದರೆ ತನ್ನ ಒಡೆಯನು ತನ್ನ ಬಗ್ಗೆ ಸಂತುಷ್ಟನಾಗಬೇಕು, ತಾನು ಅವನ ಸನಿಹ ಸೇರಬೇಕು ಎಂಬ ಹಂಬಲವಿರುವವನು ಬಯಸುತ್ತಿರುವುದು ಪ್ರೀತಿಯ ಫಲವನ್ನೇ. ದಮಾಸ್ಕಸ್‌ನ ಮುದುಕಿ ಸುಡಲು ಹೊರಟದ್ದು ಮೊದಲನೆಯದನ್ನು. ಎರಡನೆಯದು ಅವಳ ಬೆಂಕಿಗೆ ಸುಡುವಂಥದ್ದಲ್ಲ, ಅವಳು ಹೊತ್ತಿದ್ದ ಬೆಂಕಿಯೇ ಅದು.

ಮೊಲೊಕಾಯ್‌ನ ಪಾದ್ರಿ

ತರ್ಕಕ್ಕಿಂತ ಜೀವನವು ಕೆಲವೊಮ್ಮೆ ಹೆಚ್ಚು ಸ್ಪಷ್ಟವಾಗಿ ಮಾತಾಡುತ್ತದೆ. ಹವಾಯಿ ದ್ವೀಪಗಳ ಸರಕಾರವು 1866ರಿಂದ ಕುಷ್ಠರೋಗಿಗಳನ್ನು ಹಿಡಿದು ಮೊಲೊಕಾಯ್ ದ್ವೀಪದ ಒಂದು ಮೂಲೆಗೆ ಸಾಗಿಸುತ್ತಿತ್ತು. ಮೂರು ಕಡೆ ಕಡಲು, ಒಂದು ಕಡೆ ಕಡಿದಾದ ಬೆಟ್ಟ. ಹೋದವರು ಹಿಂದಿರುಗುವಂತಿರಲಿಲ್ಲ. 1873ರ ಮೇ ತಿಂಗಳಲ್ಲಿ ಬೆಲ್ಜಿಯಂ ದೇಶದ ಡೇಮಿಯನ್ ಎಂಬ 33 ವರ್ಷದ ಪಾದ್ರಿ ಸ್ವಇಚ್ಛೆಯಿಂದ ಅಲ್ಲಿಗೆ ಹೋದರು. ಅವರು ರೋಗಿಗಳ ಹುಣ್ಣುಗಳನ್ನು ತೊಳೆದು ಕಟ್ಟಿದರು, ಮನೆಗಳನ್ನು ಕಟ್ಟಿಕೊಟ್ಟರು, ಸತ್ತವರಿಗೆ ತಾನೇ ಪೆಟ್ಟಿಗೆ ಮಾಡಿ ಗುಂಡಿ ತೋಡಿದರು. 1880ರ ದಶಕದ ನಡುವಿನಲ್ಲಿ ಅವರಿಗೂ ಅದೇ ರೋಗ ತಗಲಿತು. 1889ರ ಏಪ್ರಿಲ್ 15ರಂದು, 49ನೆಯ ವಯಸ್ಸಿನಲ್ಲಿ, ತಾನು ಸೇವೆ ಮಾಡಿದವರ ನಡುವೆಯೇ ತೀರಿಕೊಂಡರು. ಕೆಥೊಲಿಕ್ ಚರ್ಚು 2009ರಲ್ಲಿ ಅವರನ್ನು ಸಂತರೆಂದು ಘೋಷಿಸಿತು.

ಇದನ್ನು ಕೇಳಿದವರು 'ತನ್ನನ್ನು ಪೂರ್ತಿ ಮರೆತ ಮನುಷ್ಯ' ಎನ್ನುತ್ತಾರೆ. ಆದರೆ ಅವರ ಜೀವನದ ಇನ್ನೊಂದು ಘಟನೆಯನ್ನು ಗಮನಿಸಬೇಕು. ಕೆಥೊಲಿಕ್ ಪಾದ್ರಿಯು ಇತರರ ಪಾಪನಿವೇದನೆಯನ್ನು ಕೇಳುವುದಲ್ಲದೆ ತನ್ನ ಪಾಪಗಳನ್ನೂ ಇನ್ನೊಬ್ಬ ಪಾದ್ರಿಯ ಮುಂದೆ ಹೇಳಿಕೊಳ್ಳಬೇಕು. ಆ ದ್ವೀಪದ ಮೂಲೆಯಲ್ಲಿ ಇನ್ನೊಬ್ಬ ಪಾದ್ರಿ ಇರಲಿಲ್ಲ. ಒಮ್ಮೆ ಅವರ ಮೇಲಧಿಕಾರಿ ಇದ್ದ ಹಡಗು ಅಲ್ಲಿಗೆ ಬಂತು. ಆದರೆ ಅವರು ಇಳಿಯುವಂತಿರಲಿಲ್ಲ, ಡೇಮಿಯನ್ ಹತ್ತುವಂತೆಯೂ ಇರಲಿಲ್ಲ. ಆಗ ಡೇಮಿಯನ್ ದೋಣಿಯಲ್ಲಿ ನಿಂತು, ಹಡಗಿನ ಕಟಾಂಜನದ ಬಳಿ ನಿಂತಿದ್ದ ಮೇಲಧಿಕಾರಿಗೆ ಕೇಳಿಸುವಂತೆ, ಫ್ರೆಂಚ್ ಭಾಷೆಯಲ್ಲಿ ಕೂಗಿ ತನ್ನ ಪಾಪಗಳನ್ನು ಹೇಳಿಕೊಂಡರು.

ಆ ವಿಧಿಯಲ್ಲಿ ನಮಗೆ ನಂಬಿಕೆಯಿಲ್ಲದಿರಬಹುದು. ಆದರೆ ಆ ಮನುಷ್ಯನ ಕಳಕಳಿಯನ್ನು ನೋಡಿ. ದೇಹವನ್ನು ರೋಗಿಗಳಿಗೆ ಕೊಟ್ಟವರು ತನ್ನ ಆತ್ಮದ ಗತಿಯ ಬಗ್ಗೆ ಅಸಡ್ಡೆ ತೋರಲಿಲ್ಲ. 13ನೆಯ ಶತಮಾನದ ಕ್ರೈಸ್ತ ಪಂಡಿತ ತೋಮಸ್ ಅಕ್ವಿನಾಸ್ ಹೇಳಿದ ನಿಯಮವೂ ಇದೇ ಆಗಿತ್ತು. ನೆರೆಯವನಿಗಾಗಿ ತನ್ನ ದೇಹಕ್ಕೆ ಬರುವ ನಷ್ಟವನ್ನು ಸಹಿಸಬಹುದು, ಆದರೆ ಅವನಿಗಾಗಿ ತಾನು ಪಾಪ ಮಾಡುವಂತಿಲ್ಲ. ಅಂದರೆ ಆತ್ಮದ ಕಾಳಜಿಯು ಸೇವೆಗೆ ವಿರೋಧಿಯಲ್ಲ. ಡೇಮಿಯನ್‌ರ ವಿಷಯದಲ್ಲಿ ಎರಡೂ ಒಂದೇ ಎದೆಯಲ್ಲಿದ್ದವು.

ತ್ಯಾಗದ ಹೆಸರಿನಲ್ಲಿ

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಸ್ವಾರ್ಥವು ನಿಸ್ವಾರ್ಥದ ವೇಷ ತೊಡುವುದರಲ್ಲಿ ಬಹಳ ನಿಪುಣ. 12ನೆಯ ಶತಮಾನದ ಸನ್ಯಾಸಿ ಕ್ಲೇರ್‌ವೋದ ಬರ್ನಾರ್ಡ್ ದೇವಪ್ರೇಮದ ಬಗ್ಗೆ ಬರೆದ ಪುಸ್ತಕದಲ್ಲಿ ನಾಲ್ಕು ಮೆಟ್ಟಿಲುಗಳನ್ನು ತೋರಿಸಿದ್ದಾರೆ: ತನಗಾಗಿ ತನ್ನನ್ನು ಪ್ರೀತಿಸುವುದು, ತನಗಾಗಿ ದೇವನನ್ನು ಪ್ರೀತಿಸುವುದು, ದೇವನಿಗಾಗಿ ದೇವನನ್ನು ಪ್ರೀತಿಸುವುದು, ಕೊನೆಗೆ ದೇವನಿಗಾಗಿ ಮಾತ್ರ ತನ್ನನ್ನು ಪ್ರೀತಿಸುವುದು. ಎಷ್ಟು ಸುಂದರವಾದ ವಿವೇಚನೆ! ಆದರೆ ಎರಡನೆಯ ಶಿಲುಬೆ ಯುದ್ಧಕ್ಕೆ ಜನರನ್ನು ಕರೆಯುವಾಗ ಇದೇ ಬರ್ನಾರ್ಡ್ ತನ್ನ ಪತ್ರದಲ್ಲಿ ವ್ಯಾಪಾರಿಯ ಭಾಷೆಯನ್ನು ಬಳಸಿದರು. ಜಾಣ ವರ್ತಕನು ಬಿಡಬಾರದ ಅಗ್ಗದ ವ್ಯವಹಾರವಿದು ಎಂಬ ಧಾಟಿಯಲ್ಲಿ ಬರೆದರು. ಆ ವ್ಯವಹಾರದಲ್ಲಿ ಎದುರಿಗಿದ್ದ ಮನುಷ್ಯನ ಮುಖ ಕಾಣಲಿಲ್ಲ, ತನ್ನ ಲಾಭ ಮಾತ್ರ ಕಂಡಿತು. ಪ್ರತಿಫಲದ ಆಸೆ ಎಲ್ಲಿ ಕೆಡುತ್ತದೆಯೆಂದು ತಿಳಿಯಲು ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ಇದನ್ನು ಓದಿ ನಾವು ಇತರರತ್ತ ಬೆರಳು ತೋರಿಸಬೇಕಾಗಿಲ್ಲ. ಪುಣ್ಯದ ಹೆಸರಿನಲ್ಲಿ ಎದುರಿಗಿದ್ದವನನ್ನು ತುಳಿಯುವ ರೋಗವು ಯಾವ ಸಮುದಾಯವನ್ನೂ ಬಿಟ್ಟಿಲ್ಲ.

ಇನ್ನೊಂದು ವೇಷವು ಮನೆಯೊಳಗಿನದು. ನಿಸ್ವಾರ್ಥವಾಗಿರಬೇಕೆಂಬ ಉಪದೇಶವನ್ನು ಮನೆಯಲ್ಲಿ ಯಾರಿಗೆ ಮಾಡಲಾಗುತ್ತದೆ? ಬಹುಪಾಲು ಹೆಂಗಸರಿಗೇ. ಅಮೆರಿಕದ ಕ್ರೈಸ್ತ ವಿದುಷಿ ವ್ಯಾಲರಿ ಸೇವಿಂಗ್ 1960ರ ಒಂದು ಲೇಖನದಲ್ಲಿ ಈ ಅಂಶವನ್ನು ಎತ್ತಿದರು. ಅಹಂಕಾರವೇ ಮನುಷ್ಯನ ಮೂಲ ಪಾಪವೆಂದು, ತನ್ನನ್ನು ಅಳಿಸಿಕೊಳ್ಳುವುದೇ ಅದಕ್ಕೆ ಮದ್ದೆಂದು ಹೇಳಿದವರು ಗಂಡಸರು. ಹಗಲಿರುಳೂ ಇತರರಿಗಾಗಿ ದುಡಿದು, ತಾನೆಂಬುದೇ ಉಳಿಯದಂತಾದ ಹೆಣ್ಣಿಗೆ ಅದೇ ಮದ್ದನ್ನು ಕೊಟ್ಟರೆ ರೋಗ ಹೆಚ್ಚುವುದೇ ಹೊರತು ಗುಣವಾಗದು ಎಂಬುದು ಅವರ ವಾದವಾಗಿತ್ತು. ಇದನ್ನು ಓದುವಾಗ ನಮ್ಮ ಅಡುಗೆಮನೆಗಳು ನೆನಪಿಗೆ ಬಾರದಿರವು. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವ ಸೊಸೆಗೆ ತ್ಯಾಗದ ಪುಣ್ಯವನ್ನು ಬೋಧಿಸುವವನು, ತಾನು ಮೊದಲ ಪಂಕ್ತಿಯಲ್ಲಿ ಕುಳಿತಿದ್ದರೆ, ಅವನು ಧರ್ಮವನ್ನು ಹೇಳುತ್ತಿಲ್ಲ, ತನ್ನ ಅನುಕೂಲವನ್ನು ಹೇಳುತ್ತಿದ್ದಾನೆ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕೆಂಬ ಆಜ್ಞೆಯಲ್ಲಿ ಆ ಸೊಸೆಗೂ ಒಂದು ಪಾಲಿದೆ.

ಮೂರನೆಯ ವೇಷವು ಋಣದ್ದು. 'ನಾನು ನಿಮಗಾಗಿ ಇಷ್ಟೆಲ್ಲ ಮಾಡಿದೆ' ಎಂದು ದಿನವೂ ನೆನಪಿಸುವ ತ್ಯಾಗವು ಬಡ್ಡಿ ಎಣಿಸುವ ಸಾಲಕ್ಕಿಂತ ಭಾರ. ಸಾಲವನ್ನಾದರೂ ತೀರಿಸಬಹುದು.

ಎಲ್ಲಿಂದ ಬಯಸುತ್ತೇವೆ?

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಅಂತಿಮ ವಿಚಾರಣೆಯ ಒಂದು ಚಿತ್ರವಿದೆ. ಹಸಿದವನಿಗೆ ಉಣಿಸಿದವರನ್ನು, ರೋಗಿಯನ್ನು ಕಂಡು ವಿಚಾರಿಸಿದವರನ್ನು ಕರೆದು, ಇದನ್ನು ನೀವು ನನಗೇ ಮಾಡಿದಿರಿ ಎಂದು ಹೇಳಲಾಗುತ್ತದೆ. ಆಗ ಅವರು ಅಚ್ಚರಿಯಿಂದ, ನಾವು ನಿನ್ನನ್ನು ಯಾವಾಗ ಕಂಡೆವು ಎಂದು ಕೇಳುತ್ತಾರೆ. ರೋಗಿಯ ಬಳಿ ಹೋಗಿದ್ದರೆ ನನ್ನನ್ನು ಅಲ್ಲಿ ಕಾಣುತ್ತಿದ್ದೆ ಎಂದು ಅಲ್ಲಾಹನು ಪರಲೋಕದಲ್ಲಿ ದಾಸನಿಗೆ ಹೇಳುವನೆಂದು ಪ್ರವಾದಿ(ಸ)ಯವರು ತಿಳಿಸಿದ ಹದೀಸು ನಮ್ಮಲ್ಲಿಯೂ ಪ್ರಸಿದ್ಧ. ಇಲ್ಲಿ ಪ್ರತಿಫಲವಿದೆ. ಆದರೆ ಅವರ ಕಣ್ಣು ಪ್ರತಿಫಲದ ಮೇಲಿರಲಿಲ್ಲ, ಹಸಿದವನ ಮೇಲಿತ್ತು. ಅದಕ್ಕೇ ಅವರಿಗೆ ಅಚ್ಚರಿಯಾಯಿತು.

ಕುರ್‌ಆನಿನ 76ನೆಯ ಅಧ್ಯಾಯವು ಬಡವರಿಗೂ ಅನಾಥರಿಗೂ ಸೆರೆಯಾಳುಗಳಿಗೂ ಉಣಿಸುವ ಸಜ್ಜನರನ್ನು ವರ್ಣಿಸಿದೆ. ಉಂಡವರಿಂದ ಅವರು ಪ್ರತಿಫಲವನ್ನೂ ಬಯಸುವುದಿಲ್ಲ, ಕೃತಜ್ಞತೆಯನ್ನೂ ಬಯಸುವುದಿಲ್ಲ. ಆದರೆ ತಮ್ಮ ಪ್ರಭುವಿನಿಂದ ಬರುವ ಆ ಕಠಿಣ ದಿನದ ಭಯ ಅವರಿಗಿದೆ. ಅಂದರೆ ಆಸೆ ಮತ್ತು ಭಯ ಎರಡೂ ಅಳಿದಿಲ್ಲ. ಅವು ಮನುಷ್ಯನ ಕಡೆಯಿಂದ ತಿರುಗಿ ದೇವನ ಕಡೆಗೆ ಮುಖ ಮಾಡಿವೆ.

ಆದ್ದರಿಂದ ನನ್ನ ತಂಗಿಯ ಮಗನಿಗೆ ಇಂದು ನಾನು ಹೀಗೆ ಹೇಳಬಲ್ಲೆ: ಆಸೆಯಿರುವುದು ತಪ್ಪಲ್ಲ. ಅಂಗಡಿಯವನು ದುಡ್ಡನ್ನು ಗಿರಾಕಿಯಿಂದಲೇ ಕೀಳಬೇಕು. ದೇವನಿಂದ ಬಯಸುವವನು ಎದುರಿಗಿದ್ದವನಿಂದ ಏನನ್ನೂ ಕೀಳಬೇಕಾಗಿಲ್ಲ. ಆದರೆ ಆ ಆಸೆಯು ಎದುರಿಗಿದ್ದವನನ್ನು ಮರೆಸಿ ಅವನನ್ನು ಸ್ವರ್ಗದ ಮೆಟ್ಟಿಲಾಗಿ ಮಾಡಿಬಿಟ್ಟರೆ ಅದು ಸ್ವಾರ್ಥವೇ. ಅವನನ್ನು ಇನ್ನಷ್ಟು ಹತ್ತಿರದಿಂದ ನೋಡುವಂತೆ ಮಾಡಿದರೆ ಅದು ಪ್ರೀತಿ.

ಇದನ್ನು ನಾನು ಕಲಿತದ್ದು ಪುಸ್ತಕದಿಂದ ಮಾತ್ರವಲ್ಲ. ಆಸ್ಪತ್ರೆಯಿಂದ ಬಂದ ಕೆಲವು ತಿಂಗಳ ಬಳಿಕ ಉಮ್ಮನ ಮಾತು ಸ್ವಲ್ಪ ಸ್ಪಷ್ಟವಾಯಿತು. ಒಂದು ಸಂಜೆ ಅವರು ತಡವರಿಸುತ್ತ ಹೇಳಿದರು: "ಆ ಹುಡುಗ ಅಂದು ಹೇಳಿದ್ದು ನನಗೆ ಕೇಳಿಸಿತ್ತು. ಆಕೆ ಯಾತಕ್ಕಾಗಿ ಮಾಡಿದಳೋ ಅಲ್ಲಾಹನಿಗೆ ಗೊತ್ತು. ನೀರು ಬಿಸಿ ಹೆಚ್ಚಾಯಿತೋ ಅಂತ ಆಕೆ ನನ್ನ ಮುಖ ನೋಡುತ್ತಿದ್ದಳು. ನೀನು ಗಡಿಯಾರ ನೋಡುತ್ತಿದ್ದೆ."

ನಾನು ತಲೆ ತಗ್ಗಿಸಿದೆ. ನಮ್ಮ ಸೇವೆಯನ್ನು ತೂಗುವ ದಿನ ನಮ್ಮ ಕಣ್ಣು ಎಲ್ಲಿತ್ತೆಂಬುದನ್ನೂ ಕೇಳಲಾಗುವುದು. ಅಂದು ಉತ್ತರವಿರುವವರಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ.